ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಸೆಂಟ್ರಲ್ ಲೈನ್: ಹಾಕುವ, ಕಾಯುವ, ತೆಗೆಯುವ ಕ್ರಮ

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ತೀವ್ರ ನಿಗಾ ಘಟಕಗಳಿಗೆ, ಅಂದರೆ ಎನ್‌ಐಸಿಯುಗಳಿಗೆ ಪ್ರತಿವರ್ಷ ಹಾಸನ, ಚಿತ್ರದುರ್ಗ, ಕಲಬುರಗಿಗಳ ಕಡೆಯಿಂದ ನರ್ಸಿಂಗ್ ಓದು ಮುಗಿಸಿದವರು ಕೆಲಸಕ್ಕೆ ಬಂದು ಸೇರುತ್ತಾರೆ. 800 ಗ್ರಾಂ ತೂಕದ ಮಗುವನ್ನು ಅವರಲ್ಲಿ ಹೆಚ್ಚಿನವರು ಮೊದಲ ಬಾರಿ ನೋಡುವುದು ಇಲ್ಲಿಯೇ. ಆ ಮಗುವಿನ ಹೊಕ್ಕುಳಿನಿಂದಲೋ ತೋಳಿನಿಂದಲೋ ಒಳಹೊಕ್ಕು, ಹೃದಯದ ಹೊಸ್ತಿಲವರೆಗೆ ಹೋಗಿ ನಿಲ್ಲುವ ತೆಳು ಕೊಳವೆಗೆ ನಾವು ಸೆಂಟ್ರಲ್ ಲೈನ್ ಎನ್ನುತ್ತೇವೆ. ಹಲವು ವರ್ಷಗಳಿಂದ ಇಂಥ ಘಟಕಗಳಲ್ಲಿ ನರ್ಸ್ ಆಗಿ ದುಡಿದ ನಾನು, ಹೊಸದಾಗಿ ಬಂದವರಿಗೆ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಘಟಕದ ಲಿಖಿತ ನಿಯಮಾವಳಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಎರಡರ ನಡುವೆ ವ್ಯತ್ಯಾಸ ಕಂಡರೆ ನಿಮ್ಮ ವೈದ್ಯರನ್ನು ಕೇಳಿ ತಿಳಿಯಬೇಕು.

ಮೊದಲೇ ಒಂದು ಮಾತು. ಲೈನ್ ಹಾಕುವುದು ಒಂದು ಗಂಟೆಯ ಕೆಲಸ, ಅದೂ ಅನುಭವಿಗಳ ಕೈಯಲ್ಲಿ ನಡೆಯುವ ಕೆಲಸ. ಆಮೇಲೆ ಅದು ಒಳಗಿರುವ ಏಳು, ಹತ್ತು, ಹದಿನಾಲ್ಕು ದಿನಗಳಲ್ಲಿ ಅದನ್ನು ಮುಟ್ಟುವ ಕೈಗಳು ನೂರಾರು. ರಾತ್ರಿ ಮೂರು ಗಂಟೆಗೆ ಆ್ಯಂಟಿಬಯಾಟಿಕ್ ಕೊಡಲು ಹಬ್ (ಕೊಳವೆಯ ಹೊರತುದಿಯ ಜೋಡಣೆ) ಬಿಚ್ಚುವ ಕೈ ಎಷ್ಟು ಶುದ್ಧವಾಗಿತ್ತು ಎಂಬುದರ ಮೇಲೆ ಆ ಮಗುವಿನ ಮುಂದಿನ ವಾರ ನಿಂತಿರುತ್ತದೆ. ಆದ್ದರಿಂದ ಹಾಕುವ ವಿಧಾನಕ್ಕಿಂತ ಕಾಯುವ ವಿಧಾನದ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಿದ್ದೇನೆ.

ಯಾವ ಮಗುವಿಗೆ, ಯಾವ ಲೈನ್

ತೀರಾ ಮುಂಚಿತವಾಗಿ ಹುಟ್ಟಿದ ಮಗುವಿನ ಕರುಳು ಪೂರ್ಣ ಪ್ರಮಾಣದ ಹಾಲನ್ನು ಜೀರ್ಣಿಸಿಕೊಳ್ಳುವಷ್ಟು ಬಲಿತಿರುವುದಿಲ್ಲ. ಸಕ್ಕರೆ, ಅಮೈನೋ ಆಮ್ಲ, ಕೊಬ್ಬುಗಳನ್ನು ಟಿಪಿಎನ್ (ಪೂರ್ಣ ಪೋಷಣೆಯನ್ನು ನಾಳದ ಮೂಲಕ ಕೊಡುವ ದ್ರಾವಣ) ರೂಪದಲ್ಲಿ ನೇರವಾಗಿ ರಕ್ತಕ್ಕೇ ಕೊಡಬೇಕಾಗುತ್ತದೆ. ಕೈಕಾಲಿನ ಸಣ್ಣ ಅಭಿಧಮನಿಗಳು 12.5 ಶೇಕಡಾಕ್ಕಿಂತ ಗಟ್ಟಿಯಾದ ಡೆಕ್ಸ್ಟ್ರೋಸ್ ದ್ರಾವಣವನ್ನು ತಾಳಲಾರವು. ಡೋಪಮೈನ್, ನಾರ್ ಅಡ್ರಿನಲಿನ್‌ನಂಥ ಔಷಧಿಗಳು ಸಣ್ಣ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸತ್ತುಹೋಗುತ್ತವೆ. ದೊಡ್ಡ ನಾಳದಲ್ಲಿ ರಕ್ತದ ಹರಿವು ಹೆಚ್ಚಿರುವುದರಿಂದ ಈ ದ್ರಾವಣಗಳು ಒಡನೆಯೇ ತೆಳುವಾಗಿ ಹರಿದುಹೋಗುತ್ತವೆ. ಸೆಂಟ್ರಲ್ ಲೈನಿನ ಅಗತ್ಯ ಇಷ್ಟೇ. ಐದಾರು ದಿನಗಳಲ್ಲಿ ಹಾಲು ಕೂಡಿಬರುವ ಲಕ್ಷಣವಿರುವ, ಸ್ವಲ್ಪ ದೊಡ್ಡ ಮಗುವಿಗೆ ಕೈಕಾಲಿನ ಸಣ್ಣ ನಾಳಕ್ಕೆ ಹಾಕುವ ಸಾಮಾನ್ಯ ಕ್ಯಾನುಲಾ ಸಾಲುತ್ತದೆಯೇ ಎಂದು ಹಾಕುವ ಮೊದಲು ಯಾರಾದರೊಬ್ಬರು ಕೇಳಲೇಬೇಕು. ಆ ಯಾರಾದರೊಬ್ಬರು ನೀವೂ ಆಗಬಹುದು.

ನಾವು ಹೆಚ್ಚಾಗಿ ಬಳಸುವ ಲೈನುಗಳು ಎರಡು. ಹುಟ್ಟಿದ ಮೊದಲ ದಿನಗಳಲ್ಲಿ ಹೊಕ್ಕುಳಬಳ್ಳಿಯ ಅಭಿಧಮನಿಯ ಮೂಲಕ ಹಾಕುವುದು ಯುವಿಸಿ. ತೋಳು ಅಥವಾ ಕಾಲಿನ ಅಭಿಧಮನಿಯಿಂದ ತೂರಿಸಿ ಎದೆಯ ದೊಡ್ಡ ನಾಳದವರೆಗೆ ಒಯ್ಯುವುದು ಪಿಕ್ ಲೈನ್. ಸಣ್ಣ ಮಕ್ಕಳಿಗೆ ಯುವಿಸಿ ಸಾಮಾನ್ಯವಾಗಿ 3.5 ಫ್ರೆಂಚ್ ಅಳತೆಯದು, ತೂಕ ಹೆಚ್ಚಿದ್ದರೆ 5 ಫ್ರೆಂಚ್. ಪಿಕ್ ಲೈನ್ 1 ಅಥವಾ 2 ಫ್ರೆಂಚ್. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗ. ರಾಮನಗರದ ಕಡೆಯ ತಾಯಿಯೊಬ್ಬರು ತಮ್ಮ ಮಗುವಿನ ಪಿಕ್ ಲೈನನ್ನು ಮೊದಲ ದಿನದಿಂದಲೂ ‘ದಾರ’ ಎಂದೇ ಕರೆಯುತ್ತಿದ್ದರು. ಅದಕ್ಕಿಂತ ಸರಿಯಾದ ವರ್ಣನೆ ನನಗೆ ಇನ್ನೂ ಸಿಕ್ಕಿಲ್ಲ.

ಹಾಕುವಾಗ

ಲೈನ್ ಹಾಕಲು ಇಬ್ಬರು ಬೇಕು. ಅವರ ಜೊತೆ ಹೆಜ್ಜೆಗಳ ಪಟ್ಟಿ ಹಿಡಿದು ನೋಡುವ ಮೂರನೆಯವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಹಾಕುವವರೂ ಸಹಾಯಕರೂ ಟೋಪಿ, ಮಾಸ್ಕ್, ಸ್ಟೆರೈಲ್ ಗೌನ್, ಸ್ಟೆರೈಲ್ ಗ್ಲೌಸ್ ಧರಿಸಿರಬೇಕು. ಮಗುವನ್ನು ದೊಡ್ಡ ಸ್ಟೆರೈಲ್ ಬಟ್ಟೆಯಿಂದ ಮುಚ್ಚಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2001ರಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಸೆಂಟ್ರಲ್ ಲೈನಿಗಾಗಿ ಐದೇ ಅಂಶಗಳ ಪಟ್ಟಿಯೊಂದನ್ನು ಜಾರಿಗೆ ತಂದರು. ಅದರಲ್ಲಿದ್ದ ಅಂಶಗಳೆಲ್ಲ ಎಲ್ಲರಿಗೂ ಮೊದಲೇ ಗೊತ್ತಿದ್ದವು. ಹೊಸದೇನೆಂದರೆ, ಪಟ್ಟಿಯ ಒಂದು ಹೆಜ್ಜೆ ತಪ್ಪಿದರೂ ವೈದ್ಯರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟದ್ದು. ಅದು ವಯಸ್ಕರ ವಿಭಾಗದಲ್ಲಿ ನಡೆದ ಕೆಲಸವಾದರೂ ನಮ್ಮಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು. ‘ಸರ್, ನಿಮ್ಮ ತೋಳು ಇನ್‌ಕ್ಯುಬೇಟರಿನ ಬಾಗಿಲಿಗೆ ತಾಗಿತು, ಗೌನ್ ಬದಲಾಯಿಸೋಣ’ ಎಂದು ಹೇಳಲು ಹೊಸಬರಿಗೆ ನಾಲಿಗೆ ಏಳುವುದಿಲ್ಲ. ಏಳಬೇಕು. ಒಳ್ಳೆಯ ವೈದ್ಯರು ಅದನ್ನು ಬೇಸರವಿಲ್ಲದೆ ಕೇಳುತ್ತಾರೆ. ಬೇಸರಪಟ್ಟುಕೊಂಡರೂ ಗೌನ್ ಬದಲಾಗುತ್ತದೆ, ನಮಗೆ ಬೇಕಾದದ್ದು ಅಷ್ಟೇ.

ಬಟ್ಟೆಯ ಅಡಿಯಲ್ಲಿ ಮಗು ತಣ್ಣಗಾಗುವುದು ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರ ಕಣ್ಣೂ ಕೊಳವೆಯ ಮೇಲಿರುವಾಗ ಒಬ್ಬರ ಕಣ್ಣು ತಾಪಮಾನ, ಆಮ್ಲಜನಕದ ಮಟ್ಟ, ಹೃದಯದ ಬಡಿತಗಳ ಮೇಲಿರಬೇಕು. ಮೈಯ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಉಳಿಯಬೇಕು. ಪಿಕ್ ಲೈನ್ ಚುಚ್ಚುವಾಗ ಮಗುವಿಗೆ ನೋವಾಗುತ್ತದೆ. ಬಾಯಿಗೆ ತಾಯಿಯ ಹಾಲಿನ ಒಂದೆರಡು ಹನಿ ಅಥವಾ ಸೂಚಿಸಿದ ಪ್ರಮಾಣದ ಸುಕ್ರೋಸ್ ಹಾಕಿ, ಕೈಕಾಲುಗಳನ್ನು ಮಡಚಿ ಅಂಗೈಯಲ್ಲಿ ಹಿಡಿದಿಡಬೇಕು.

ಚರ್ಮ ಶುದ್ಧಿಯ ವಿಷಯದಲ್ಲಿ ದೊಡ್ಡವರ ವಾರ್ಡಿನ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಎರಡು ಮೂರು ತಿಂಗಳು ಮುಂಚಿತವಾಗಿ ಹುಟ್ಟಿದ ಮಗುವಿನ ಚರ್ಮದ ಹೊರಪದರ ಹಾಲಿನ ಕೆನೆಯಷ್ಟು ತೆಳು. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಸೊಂಟದ ಅಡಿಗೆ ಹರಿದು ನಿಂತರೆ, ಬಟ್ಟೆ ತೆಗೆಯುವ ಹೊತ್ತಿಗೆ ಅಲ್ಲಿ ಸುಟ್ಟ ಗಾಯವಾಗಿರುತ್ತದೆ. ಪೊವಿಡೋನ್ ಅಯೋಡಿನ್ ಚರ್ಮದ ಮೂಲಕ ಒಳಸೇರಿ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕುಗ್ಗಿಸಬಲ್ಲದು. ಯಾವ ದ್ರಾವಣವಾದರೂ ಸ್ವಲ್ಪವೇ ತೆಗೆದುಕೊಂಡು, ಗಾಜ್ ತುಂಡನ್ನು ಹಿಂಡಿ ಒರೆಸಬೇಕು. ಪೂರ್ತಿ ಒಣಗುವವರೆಗೆ, ಕನಿಷ್ಠ ಅರ್ಧ ನಿಮಿಷ, ಕಾಯಬೇಕು. ಬೆನ್ನಿನ ಕೆಳಗಿನ ಒದ್ದೆ ಬಟ್ಟೆಯನ್ನು ತೆಗೆಯಬೇಕು. ಕೆಲಸ ಮುಗಿದ ಮೇಲೆ ಉಳಿದ ದ್ರಾವಣವನ್ನು ಸ್ಟೆರೈಲ್ ನೀರು ಅಥವಾ ಸಲೈನ್‌ನಿಂದ ಒರೆಸಿ ತೆಗೆಯಬೇಕು.

ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ ಮೂರು ಬಾಯಿಗಳು ಕಾಣುತ್ತವೆ. ದಪ್ಪ ಗೋಡೆಯ, ಬಿಗಿದು ಬೆಳ್ಳಗಿರುವ ಎರಡು ಅಪಧಮನಿಗಳು. ಸಾಮಾನ್ಯವಾಗಿ ಗಡಿಯಾರದ ಹನ್ನೆರಡರ ಜಾಗದಲ್ಲಿ, ತೆಳು ಗೋಡೆಯ, ಅಗಲ ಬಾಯಿಯ ಒಂದು ಅಭಿಧಮನಿ. ಎಷ್ಟು ಉದ್ದ ಒಳಗೆ ಕಳಿಸಬೇಕೆಂಬುದಕ್ಕೆ ಬಳಕೆಯಲ್ಲಿರುವ ಸರಳ ಲೆಕ್ಕವೆಂದರೆ, ಕಿಲೋಗ್ರಾಂ ತೂಕವನ್ನು ಒಂದೂವರೆಯಿಂದ ಗುಣಿಸಿ 5.5 ಸೆಂಟಿಮೀಟರ್ ಕೂಡಿಸುವುದು. ಒಂದು ಕಿಲೋ ಮಗುವಿಗೆ ಅದು 7 ಸೆಂಟಿಮೀಟರ್, ಅದರ ಮೇಲೆ ಬಳ್ಳಿಯ ಮೋಟಿನ ಉದ್ದ. ತೀರಾ ಸಣ್ಣ ಮಕ್ಕಳಲ್ಲಿ ಈ ಲೆಕ್ಕ ಕೊಳವೆಯನ್ನು ಬೇಕಾದುದಕ್ಕಿಂತ ಆಳಕ್ಕೆ ಒಯ್ಯುವುದುಂಟು. ಹಾಗಾಗಿ ಅದು ಅಂದಾಜು ಮಾತ್ರ. ತುದಿ ಎಲ್ಲಿದೆ ಎಂದು ನೋಡಿಯೇ ತೀರ್ಮಾನಿಸಬೇಕು. ಒಳಗೆ ಹೋಗುವಾಗ ತಡೆ ಸಿಕ್ಕರೆ ಒತ್ತಬಾರದು. ಬಹಳ ಸಲ ಆ ತಡೆಯ ಅರ್ಥ ಕೊಳವೆ ಯಕೃತ್ತಿನ ನಾಳಕ್ಕೆ ತಿರುಗಿದೆ ಎಂದು.

ತುದಿ ಎಲ್ಲಿರಬೇಕು

ಯುವಿಸಿಯ ತುದಿ ಕೆಳಗಿನ ಮಹಾ ಅಭಿಧಮನಿ ಹೃದಯದ ಬಲ ಹೃತ್ಕರ್ಣವನ್ನು ಸೇರುವ ಜಾಗದಲ್ಲಿ, ವಪೆಯ ಮಟ್ಟದಿಂದ ಸ್ವಲ್ಪವೇ ಮೇಲೆ ನಿಲ್ಲಬೇಕು. ಎಕ್ಸ್-ರೇಯಲ್ಲಿ ಅದು ಎದೆಭಾಗದ 8-9ನೆಯ ಕಶೇರುಗಳ ಎತ್ತರ. ಅದಕ್ಕಿಂತ ಕೆಳಗೆ, ಯಕೃತ್ತಿನ ನೆರಳಿನಲ್ಲಿ ಬಲಕ್ಕೆ ವಾಲಿದ್ದರೆ ಅದನ್ನು ಸೆಂಟ್ರಲ್ ಲೈನ್ ಎಂದು ಬಳಸಬಾರದು: ಟಿಪಿಎನ್ ಯಕೃತ್ತಿನೊಳಗೆ ಸೋರಿ ಹೊಟ್ಟೆ ಊದಬಹುದು, ರಕ್ತದೊತ್ತಡ ಕುಸಿಯಬಹುದು, ಯಕೃತ್ತಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ತೋಳಿನಿಂದ ಹಾಕಿದ ಪಿಕ್ ಲೈನಿನ ತುದಿ ಮೇಲಿನ ಮಹಾ ಅಭಿಧಮನಿಯಲ್ಲಿ, ಹೃದಯದ ನೆರಳಿನ ಹೊರಗೇ ಇರಬೇಕು.

ಹೃದಯದ ಒಳಗೆ ಏಕೆ ಇರಬಾರದು? ಅಲ್ಲಿಯ ಗೋಡೆ ತೆಳು. ಬಡಿತಕ್ಕೊಮ್ಮೆ ತುದಿ ಗೋಡೆಗೆ ತಾಗುತ್ತದೆ, ಗಟ್ಟಿ ದ್ರಾವಣ ಅದೇ ಜಾಗಕ್ಕೆ ಬೀಳುತ್ತಾ ಗೋಡೆಯನ್ನು ಕೆಡಿಸುತ್ತದೆ, ಕೊನೆಗೆ ದ್ರಾವಣ ಹೃದಯದ ಸುತ್ತಲಿನ ಚೀಲಕ್ಕೆ ಜಿನುಗಿ ಹೃದಯವನ್ನೇ ಹಿಂಡುತ್ತದೆ. ಇದನ್ನು ಟ್ಯಾಂಪೊನಾಡ್ ಎನ್ನುತ್ತೇವೆ. ಸೆಂಟ್ರಲ್ ಲೈನ್ ಇದ್ದ ನಾಲ್ಕು ನವಜಾತ ಶಿಶುಗಳು ಹೀಗೆ ತೀರಿಕೊಂಡದ್ದನ್ನು ಪರಿಶೀಲಿಸಿದ ಬ್ರಿಟನ್ನಿನ ಆರೋಗ್ಯ ಇಲಾಖೆ 2001ರಲ್ಲಿ ಹೊರಡಿಸಿದ ವರದಿಯ ಮುಖ್ಯ ಸಲಹೆಯೂ ಇದೇ: ತುದಿಯನ್ನು ಬಲ ಹೃತ್ಕರ್ಣದಲ್ಲಿ ಬಿಡಬಾರದು.

ನಾನು ಹಿಂದೆ ಕೆಲಸ ಮಾಡಿದ ಒಂದು ಘಟಕದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಪಿಕ್ ಲೈನ್ ಹಾಕಿ ಮೂರನೆಯ ದಿನ. ಬೆಳಗಿನ ಜಾವ ಐದರವರೆಗೆ ಚೆನ್ನಾಗಿದ್ದ ಮಗು ಹತ್ತೇ ನಿಮಿಷದಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಬಡಿತ 150ರಿಂದ 70ಕ್ಕೆ ಇಳಿಯಿತು. ಉಸಿರಾಟ ಕೊಟ್ಟೆವು, ಎದೆ ಒತ್ತಿದೆವು, ಯಾವುದಕ್ಕೂ ಮಗು ಸ್ಪಂದಿಸಲಿಲ್ಲ. ಹಿರಿಯ ವೈದ್ಯರು ಓಡಿ ಬಂದು ಲೈನಿನತ್ತ ಒಮ್ಮೆ ನೋಡಿ, ಎದೆಮೂಳೆಯ ತುದಿಯ ಕೆಳಗಿನಿಂದ ಕ್ಯಾನುಲಾ ತೂರಿಸಿ ಎಳೆದಾಗ ಸಿರಿಂಜಿಗೆ ಬಂದದ್ದು ರಕ್ತವಲ್ಲ, ಹಾಲುಬಿಳಿಯ ದ್ರವ: ನಾವೇ ಪಂಪಿನಲ್ಲಿ ಕೊಡುತ್ತಿದ್ದ ಕೊಬ್ಬಿನ ದ್ರಾವಣ. ಐದಾರು ಮಿಲಿಲೀಟರ್ ತೆಗೆಯುವಷ್ಟರಲ್ಲಿ ಬಡಿತ ಏರತೊಡಗಿತು. ಆ ಮಗು ಬದುಕಿತು. ಆಮೇಲೆ ಹಳೆಯ ಎಕ್ಸ್-ರೇ ತೆಗೆದು ನೋಡಿದರೆ ತುದಿ ಮೊದಲ ದಿನವೇ ಹೃದಯದ ನೆರಳಿನ ಒಳಗಿತ್ತು. ‘ಸ್ವಲ್ಪ ಒಳಗಿದೆ, ನಾಳೆ ಹಿಂದಕ್ಕೆ ಎಳೆಯೋಣ’ ಎಂದು ಬರೆದಿಟ್ಟ ಟಿಪ್ಪಣಿಯೂ ಕಡತದಲ್ಲಿತ್ತು. ಎರಡು ‘ನಾಳೆ’ಗಳು ಕಳೆದಿದ್ದವು, ಆ ಟಿಪ್ಪಣಿಯನ್ನು ಓದಿಯೂ ಕೇಳದೆ ಬಿಟ್ಟವರಲ್ಲಿ ನಾನೂ ಒಬ್ಬಳು.

ಆದ್ದರಿಂದ ಲೈನ್ ಇರುವ ಮಗು ಕಾರಣ ತಿಳಿಯದೆ ಏಕಾಏಕಿ ಕುಸಿದರೆ ಮೊದಲು ಆ ಲೈನಿನ ದ್ರಾವಣ ನಿಲ್ಲಿಸಿ, ವೈದ್ಯರನ್ನು ಕೂಗಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಯಂತ್ರ ತರಿಸಿ. ಹೃದಯದ ಸದ್ದು ದೂರದಿಂದ ಬಂದಂತೆ ಮಂದವಾಗಿ ಕೇಳುವುದು, ಎದೆ ಒತ್ತಿದರೂ ಫಲ ಕಾಣದಿರುವುದು ಅನುಮಾನವನ್ನು ಗಟ್ಟಿಮಾಡುವ ಲಕ್ಷಣಗಳು.

ತುದಿ ಒಮ್ಮೆ ಸರಿಯಾಗಿ ನಿಂತರೂ ಅಲ್ಲಿಯೇ ಉಳಿಯುತ್ತದೆಂಬ ಖಾತರಿಯಿಲ್ಲ. ಬಳ್ಳಿಯ ಮೋಟು ಒಣಗಿ ಕುಗ್ಗುವಾಗ, ಹೊಟ್ಟೆಯ ಸುತ್ತಳತೆ ಬದಲಾಗುವಾಗ ಯುವಿಸಿ ಮೊದಲ ಎರಡು ಮೂರು ದಿನಗಳಲ್ಲಿ ಸರಿಯುವುದು ಸಾಮಾನ್ಯ. ಪಿಕ್ ಲೈನಿನ ತುದಿಯಂತೂ ತೋಳಿನ ಭಂಗಿಯ ಜೊತೆಗೇ ಚಲಿಸುತ್ತದೆ; ತೋಳಿನ ಒಳಮಗ್ಗುಲಿನ ನಾಳದಿಂದ ಹಾಕಿದ ಲೈನ್, ತೋಳನ್ನು ಮೈಗೆ ತಂದು ಮೊಣಕೈ ಮಡಚಿದಾಗ ಹೃದಯದತ್ತ ಸರಿಯುತ್ತದೆ. ಮಗು ಸಹಜವಾಗಿ ಮಲಗುವ ಭಂಗಿಯಲ್ಲಿಯೇ ತೋಳನ್ನಿಟ್ಟು ಎಕ್ಸ್-ರೇ ತೆಗೆಸಬೇಕು. ಮುಂದಿನ ಪ್ರತಿ ಎಕ್ಸ್-ರೇಯಲ್ಲೂ ಅದೇ ಭಂಗಿ ಇರಬೇಕು. ಬೇರೆ ಕಾರಣಕ್ಕೆ ತೆಗೆದ ಎಕ್ಸ್-ರೇಯಲ್ಲಿಯೂ ತುದಿಯನ್ನು ಹುಡುಕಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಎಕೋ ಸೌಲಭ್ಯವಿರುವ ಕಡೆ ಅದು ಎಕ್ಸ್-ರೇಗಿಂತ ನಿಖರ. ಸ್ಟೆರೈಲ್ ಬಟ್ಟೆ ತೆಗೆದಾದ ಮೇಲೆ ಕೊಳವೆಯನ್ನು ಹಿಂದಕ್ಕೆ ಎಳೆಯಬಹುದೇ ಹೊರತು ಒಳಕ್ಕೆ ತಳ್ಳುವಂತಿಲ್ಲ.

ಪ್ರತಿ ಗಂಟೆಯ ಕೆಲಸ

ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ನವಜಾತ ಶಿಶು ಸೋಂಕಿನ ದೊಡ್ಡ ಅಧ್ಯಯನದಲ್ಲಿ ಹೆಚ್ಚು ಕಂಡದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ. ನಮ್ಮ ಸಿಂಕು, ನಲ್ಲಿ, ಒದ್ದೆ ಬಟ್ಟೆ, ಕೈಗಳಲ್ಲಿ ಬಾಳುವ ಈ ಬ್ಯಾಕ್ಟೀರಿಯಾಗಳಲ್ಲಿ ಹಲವು, ನಾವು ಕೊಡುವ ಆ್ಯಂಟಿಬಯಾಟಿಕ್‌ಗಳಿಗೆ ಈಗಾಗಲೇ ಜಗ್ಗುವುದಿಲ್ಲ. ಒಮ್ಮೆ ರಕ್ತ ಸೇರಿದರೆ ಓಡಿಸುವ ದಾರಿ ಕಿರಿದು ಎಂದು ಗೊತ್ತಿರುವಾಗ, ಸೇರದಂತೆ ನೋಡಿಕೊಳ್ಳುವುದರಲ್ಲಿಯೇ ನಮ್ಮ ಪೂರ್ತಿ ಶಕ್ತಿ ಇರಬೇಕು.

ಕೈಯಿಂದ ಶುರುಮಾಡೋಣ. ಮೊಣಕೈಯಿಂದ ಕೆಳಗೆ ಗಡಿಯಾರ, ಉಂಗುರ, ಬಳೆ, ದೇವರ ದಾರ ಯಾವುದೂ ಇರಬಾರದು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು-ನೀರು ಆದರೆ 40ರಿಂದ 60 ಸೆಕೆಂಡ್ ಉಜ್ಜಬೇಕು. ಈ ಮಾತು ತಾಯಂದಿರಿಗೂ ಅನ್ವಯಿಸುತ್ತದೆ. ಸೀಮಂತದಲ್ಲಿ ತೊಟ್ಟ ಹಸಿರು ಗಾಜಿನ ಬಳೆಗಳನ್ನು ಬಾಣಂತನದಲ್ಲಿ ಬಿಚ್ಚಲು ಮನೆಯ ಹಿರಿಯರು ಒಪ್ಪುವುದಿಲ್ಲ. ಅಂಥವರನ್ನು ಗದರಿಸುವುದಕ್ಕಿಂತ, ಪಕ್ಕದಲ್ಲಿ ಕೂರಿಸಿಕೊಂಡು ‘ಬಳೆ ಸಂದಿಯಲ್ಲಿ ಕೊಳೆ ಕೂರುತ್ತೆ ಕಣಮ್ಮ, ಒಳಗೆ ಬರುವಾಗ ಮಾತ್ರ ತೆಗೆದು ಅಜ್ಜಿಯ ಕೈಗೆ ಕೊಟ್ಟು ಬಾ’ ಎಂದು ಹೇಳಿದರೆ ಬಹುಪಾಲು ಒಪ್ಪುತ್ತಾರೆ.

ಹಬ್ ತೆರೆಯುವ ಮುನ್ನ ಆಲ್ಕೋಹಾಲ್ ಒರಸಿನಿಂದ ಅದರ ಬಾಯಿಯನ್ನೂ ಸುತ್ತಿನ ಸುರುಳಿಗಳನ್ನೂ ತಿಕ್ಕಬೇಕು, ಆಮೇಲೆ ಒಣಗಲು ಬಿಡಬೇಕು. ಎಷ್ಟು ಹೊತ್ತು? ಕನಿಷ್ಠ 15 ಸೆಕೆಂಡ್. ಇದು ಎಲ್ಲರಿಗೂ ಗೊತ್ತು, ಆದರೂ ಕೆಲಸದ ಒತ್ತಡದಲ್ಲಿ ಮೂರು ನಾಲ್ಕು ಸೆಕೆಂಡಿಗೆ ಮುಗಿದುಹೋಗುತ್ತದೆ. ನಾನು ಹೊಸಬರಿಗೆ ಹೇಳುವುದು, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಮೂರು ಅಂಕಿ ದಾಟುವವರೆಗೆ ತಿಕ್ಕು, ಇನ್ನು ಮೂರು ಅಂಕಿ ದಾಟುವವರೆಗೆ ಸುಮ್ಮನೆ ಹಿಡಿದು ನಿಲ್ಲು ಎಂದು. ಮೊದಲ ದಿನ ಆ ಅರ್ಧ ನಿಮಿಷ ಬಹಳ ದೀರ್ಘವೆನಿಸುತ್ತದೆ. ಒದ್ದೆ ಇರುವಾಗಲೇ ಸಿರಿಂಜ್ ಜೋಡಿಸಿದರೆ ತಿಕ್ಕಿದ ಶ್ರಮವೂ ವ್ಯರ್ಥ, ಆಲ್ಕೋಹಾಲೂ ಮಗುವಿನ ರಕ್ತಕ್ಕೆ ಹೋಗುತ್ತದೆ.

ಅದಕ್ಕಿಂತ ಒಳ್ಳೆಯ ಉಪಾಯ ತೆರೆಯುವುದನ್ನೇ ಕಡಿಮೆ ಮಾಡುವುದು. ಬೆಳಗಿನ ರೌಂಡ್ಸ್‌ನಲ್ಲಿಯೇ ಇಡೀ ದಿನದ ಔಷಧಿಗಳ ವೇಳೆಯನ್ನು ವೈದ್ಯರೊಡನೆ ಕೂತು ಹೊಂದಿಸಿಕೊಂಡರೆ ಹತ್ತು ಸಲ ಬಿಚ್ಚುವ ಲೈನನ್ನು ನಾಲ್ಕು ಸಲಕ್ಕೆ ಇಳಿಸಬಹುದು. ಬಾಯಿಂದ ಕೊಡಬಹುದಾದ ವಿಟಮಿನ್, ಕೆಫೀನ್‌ಗಳನ್ನು ಹಾಲಿನ ನಳಿಕೆಗೆ ವರ್ಗಾಯಿಸಬಹುದೇ ಎಂದು ಕೇಳಬಹುದು. ಟಿಪಿಎನ್ ಬ್ಯಾಗಿಗೆ ಹಾಸಿಗೆಯ ಪಕ್ಕದಲ್ಲಿ ಏನನ್ನೂ ಬೆರೆಸಬಾರದು. ಅದು ಸೋಸಿದ ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಫ್ಲೋ ಅಡಿಯಲ್ಲಿಯೇ ಆಗಬೇಕಾದ ಕೆಲಸ. ಕೊಬ್ಬಿನ ದ್ರಾವಣದ ಸಿರಿಂಜ್ ಮತ್ತು ಟ್ಯೂಬನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಕೊಬ್ಬು, ರಕ್ತ ಹರಿಯದ ಟ್ಯೂಬುಗಳನ್ನು 96 ಗಂಟೆಗಿಂತ ಬೇಗ ಬದಲಿಸುವ ಅಗತ್ಯವಿಲ್ಲ.

ಸಿರಿಂಜಿನ ಅಳತೆಯ ಬಗ್ಗೆ ಹೊಸಬರಿಗೆ ಗೊಂದಲವಾಗುತ್ತದೆ. ಸಣ್ಣ ಮಗುವಿಗೆ ಸಣ್ಣ ಸಿರಿಂಜ್ ಸರಿ ಎಂದೇ ಮನಸ್ಸು ಹೇಳುತ್ತದೆ. ವಾಸ್ತವ ಇದಕ್ಕೆ ವಿರುದ್ಧ: ಅದೇ ಬೆರಳಿನ ಒತ್ತಡಕ್ಕೆ ಸಿರಿಂಜ್ ಸಣ್ಣದಾದಷ್ಟೂ ಕೊಳವೆಯೊಳಗಿನ ಒತ್ತಡ ಹೆಚ್ಚುತ್ತದೆ, ದಾರದಷ್ಟು ತೆಳುವಾದ ಪಿಕ್ ಲೈನ್ ಒಡೆದು ತುಂಡು ಒಳಗೇ ಉಳಿಯಬಹುದು. ಫ್ಲಶ್ ಮಾಡಲು, ಅಂದರೆ ಸಲೈನ್ ಹರಿಸಿ ಕೊಳವೆಯನ್ನು ತೊಳೆಯಲು, 10 ಮಿ.ಲೀ. ಸಿರಿಂಜನ್ನೇ ಬಳಸಬೇಕು, ಅದರಲ್ಲಿ ತುಂಬುವುದು ಮಾತ್ರ ಅರ್ಧ-ಒಂದು ಮಿ.ಲೀ. ಸಲೈನ್. ಆ ಅರ್ಧ ಮಿ.ಲೀ. ಕೂಡ ದ್ರವದ ಲೆಕ್ಕದ ಹಾಳೆಗೆ ಸೇರಬೇಕು. 800 ಗ್ರಾಂ ಮಗುವಿನ ಮೈಯಲ್ಲಿರುವ ರಕ್ತವೇ ಒಟ್ಟು 70-80 ಮಿ.ಲೀ. ಎಂಬುದು ನೆನಪಿದ್ದರೆ ಗುಳ್ಳೆ, ಹನಿ, ಸೋರಿಕೆಗಳ ಬೆಲೆ ತಾನಾಗಿಯೇ ತಿಳಿಯುತ್ತದೆ. ಫ್ಲಶ್ ಹೋಗದಿದ್ದರೆ ಒತ್ತಿ ತಳ್ಳಬಾರದು, ಹೇಳಬೇಕು. ಡೋಪಮೈನ್‌ನಂಥ ಔಷಧಿ ಹರಿಯುತ್ತಿರುವ ಲೈನಿಗೆ ಫ್ಲಶ್ ಕೊಡಲೇಬಾರದು; ಕೊಟ್ಟರೆ ಕೊಳವೆಯಲ್ಲಿದ್ದ ಔಷಧಿಯೆಲ್ಲ ಒಮ್ಮೆಗೇ ಹೃದಯಕ್ಕೆ ಹೋಗುತ್ತದೆ.

ತೆಳು ಪಿಕ್ ಲೈನಿನಿಂದ ರಕ್ತ ಎಳೆಯಬಾರದು, ಅದರ ಮೂಲಕ ರಕ್ತ ಕೊಡಲೂಬಾರದು. ಎರಡರಲ್ಲೂ ಅದು ಕಟ್ಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಕೂಡಿದರೆ ಸುಣ್ಣದಂಥ ಗಸಿ ಕಟ್ಟುತ್ತದೆ. ಫೆನಿಟಾಯಿನ್ ಡೆಕ್ಸ್ಟ್ರೋಸ್‌ನಲ್ಲಿ ಗಸಿಯಾಗುತ್ತದೆ. ಕ್ಯಾಲ್ಸಿಯಂ ಹೋಗುತ್ತಿರುವ ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಸಲ್ಲದು. ಪಂಪಿನ ಪಕ್ಕದಲ್ಲಿ ಹೊಂದಿಕೆಯ ಪಟ್ಟಿ ಅಂಟಿಸಿಟ್ಟಿರುವ ಘಟಕಗಳಲ್ಲಿ ಈ ತಪ್ಪುಗಳು ಕಡಿಮೆ. ನಿಮ್ಮಲ್ಲಿ ಇಲ್ಲದಿದ್ದರೆ ಫಾರ್ಮಸಿಯವರನ್ನು ಕೇಳಿ ಮಾಡಿಸಿಕೊಳ್ಳಿ.

ಡ್ರೆಸ್ಸಿಂಗ್ ಪಾರದರ್ಶಕವಾಗಿರಬೇಕು, ಕೊಳವೆ ಚರ್ಮ ಹೊಕ್ಕ ಬಿಂದು ಕಾಣುತ್ತಿರಬೇಕು. ದಿನ ಎಣಿಸಿ ಬದಲಿಸುವ ಪದ್ಧತಿ ಇಲ್ಲಿ ಬೇಡ; ಬದಲಿಸುವಾಗ ಚರ್ಮ ಕಿತ್ತು ಬರುವ, ಲೈನ್ ಸರಿಯುವ ಅಪಾಯವಿದೆ. ಒದ್ದೆಯಾದರೆ, ಕೊಳೆಯಾದರೆ, ಅಂಚು ಎದ್ದರೆ ಮಾತ್ರ ಬದಲಿಸಬೇಕು, ಆಗ ತಡಮಾಡಬಾರದು. ಹೆಚ್ಚು ತೇವಾಂಶವಿರುವ ಇನ್‌ಕ್ಯುಬೇಟರಿನಲ್ಲಿ ಅಂಚು ಬೇಗ ಏಳುತ್ತದೆ. ಪ್ರತಿ ಗಂಟೆಗೂ ನೋಡಬೇಕಾದದ್ದು: ಚರ್ಮದ ಮೇಲಿನ ಸೆಂಟಿಮೀಟರ್ ಗುರುತು ನಿನ್ನೆಯಷ್ಟೇ ಇದೆಯೇ, ಕೆಂಪು ಗೆರೆ ಅಥವಾ ಊತ ಇದೆಯೇ, ಲೈನಿರುವ ತೋಳು ಇನ್ನೊಂದಕ್ಕಿಂತ ದಪ್ಪವಾಗಿದೆಯೇ, ಪಂಪ್ ತೋರಿಸುವ ಒತ್ತಡ ಏರುತ್ತಿದೆಯೇ. ಯುವಿಸಿ ಇರುವ ಮಗುವನ್ನು ಬೋರಲು ಮಲಗಿಸುವುದನ್ನು ತಪ್ಪಿಸಿ. ಹೊಕ್ಕುಳಿನಿಂದ ರಕ್ತ ಜಿನುಗಿದರೆ ಕಾಣುವುದಿಲ್ಲ.

ಸೋಂಕು ತಗುಲಿದ ಮಗುವಿಗೆ ಜ್ವರ ಬರುತ್ತದೆಂದು ಕಾಯಬೇಡಿ. ಅದು ಉಸಿರು ಮರೆಯುತ್ತದೆ, ನಿನ್ನೆಯವರೆಗೆ ಸಹಿಸಿದ ಹಾಲನ್ನು ಇಂದು ಸಹಿಸುವುದಿಲ್ಲ, ಮೈ ತಣ್ಣಗಾಗುತ್ತದೆ, ಚರ್ಮ ಬಲೆ ಬಲೆಯಾಗಿ ಕಾಣುತ್ತದೆ, ರಕ್ತದ ಸಕ್ಕರೆ ಕಾರಣವಿಲ್ಲದೆ ಏರುತ್ತದೆ. ‘ಯಾಕೋ ಮಗು ಇವತ್ತು ಸರಿಯಿಲ್ಲ ಸಿಸ್ಟರ್’ ಎಂದು ತಾಯಿ ಹೇಳಿದರೆ ಅದನ್ನೂ ಒಂದು ಲಕ್ಷಣವೆಂದೇ ಬರೆದುಕೊಳ್ಳಿ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕನಿಷ್ಠ ಒಂದು ಮಿ.ಲೀ. ರಕ್ತವನ್ನು, ಲೈನಿನಿಂದಲ್ಲದೆ ಬೇರೆ ನಾಳದಿಂದ, ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು.

ಬೇರೆ ಊರಿನಿಂದ ಬಂದ ಲೈನ್

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಿಂದ ಆ್ಯಂಬುಲೆನ್ಸಿನಲ್ಲಿ ಬರುವ ಕೆಲವು ಮಕ್ಕಳಿಗೆ ಅಲ್ಲಿಯೇ ಯುವಿಸಿ ಹಾಕಿರುತ್ತಾರೆ. ಪ್ರಾಣ ಉಳಿಸಲು ತುರ್ತಾಗಿ ಹಾಕಿದ ಲೈನದು, ಹಾಕಿದವರಿಗೆ ಕೃತಜ್ಞರಾಗಿರಬೇಕು. ಹೊಸೂರು ರಸ್ತೆಯ, ಹೆಬ್ಬಾಳದ ದಟ್ಟಣೆಯಲ್ಲಿ ಗಂಟೆಗಟ್ಟಲೆ ಕುಲುಕಾಡಿ ಬಂದಾಗ ತುದಿ ಎಲ್ಲಿದೆಯೆಂದು ಯಾರೂ ಹೇಳಲಾರರು. ಬಂದ ಕೂಡಲೇ ಗುರುತು ನೋಡಿ, ಎಕ್ಸ್-ರೇ ಅಥವಾ ಎಕೋ ಆಗುವವರೆಗೆ ಅದರಲ್ಲಿ ಟಿಪಿಎನ್ ಆಗಲಿ, ಗಟ್ಟಿ ಡೆಕ್ಸ್ಟ್ರೋಸ್ ಆಗಲಿ ಕೊಡಬೇಡಿ. ಶುದ್ಧ ಕ್ರಮದಲ್ಲಿ ಹಾಕಿದ್ದು ಖಚಿತವಿಲ್ಲದಿದ್ದರೆ ಸಾಧ್ಯವಾದಷ್ಟು ಬೇಗ, 48 ಗಂಟೆಯ ಒಳಗೆ ಅದನ್ನು ಬದಲಿಸಬೇಕು. ದಾರಿಯಲ್ಲಿ ಪಂಪಿನ ಬ್ಯಾಟರಿ ಮುಗಿದು ಲೈನ್ ಕಟ್ಟಿಕೊಂಡು ಬರುವುದೂ ಉಂಟು, ಕಳಿಸುವವರು ಹೊರಡುವ ಮುನ್ನ ಅದನ್ನೊಮ್ಮೆ ನೋಡಬೇಕು.

ತೆಗೆಯುವುದು

ಪ್ರತಿದಿನ ರೌಂಡ್ಸ್‌ನಲ್ಲಿ ಒಂದು ಪ್ರಶ್ನೆ ಗಟ್ಟಿಯಾಗಿ ಕೇಳಬೇಕು: ಈ ಲೈನ್ ಇವತ್ತು ಬೇಕೇ? ಯುವಿಸಿಯನ್ನು ಶುದ್ಧ ಕ್ರಮದಲ್ಲಿ ಕಾಯ್ದರೆ ಹೆಚ್ಚೆಂದರೆ 14 ದಿನ ಇಡಬಹುದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮಾರ್ಗಸೂಚಿಯಲ್ಲಿ ಹೇಳಿದೆ. ಅನೇಕ ಘಟಕಗಳು ಒಂದು ವಾರಕ್ಕೇ ಅದನ್ನು ತೆಗೆದು, ಅಗತ್ಯವಿದ್ದರೆ ಪಿಕ್ ಲೈನಿಗೆ ಬದಲಾಗುತ್ತವೆ. ಹದಿನಾಲ್ಕು ಎಂಬುದು ಮೇರೆ, ಗುರಿಯಲ್ಲ. ಹಾಲು ದಿನಕ್ಕೆ ಕಿಲೋಗೆ 100ರಿಂದ 120 ಮಿ.ಲೀ. ಮುಟ್ಟಿದರೆ ಸಾಮಾನ್ಯವಾಗಿ ಲೈನ್ ತೆಗೆಯುವ ಕಾಲ ಬಂದಿದೆ. ತಾಯಿಯ ಹಾಲು ಮೊದಲ ದಿನದಿಂದಲೇ ಹಿಂಡಿಸಿ ತರಿಸುವುದೂ, ಕಾಂಗರೂ ಆರೈಕೆಗೆ ಮಗುವನ್ನು ಎದೆಗೆ ಹಾಕುವುದೂ ಆ ದಿನವನ್ನು ಹತ್ತಿರ ತರುತ್ತವೆ. ಚೆನ್ನಾಗಿ ಭದ್ರಪಡಿಸಿದ ಪಿಕ್ ಲೈನ್ ಕಾಂಗರೂ ಆರೈಕೆಗೆ ಅಡ್ಡಿಯಲ್ಲ. ಆ ರಾಮನಗರದ ತಾಯಿ ದಿನವೂ ಹಾಲಿನ ಬಟ್ಟಲು ತಂದುಕೊಟ್ಟು ‘ಸಿಸ್ಟರ್, ದಾರ ಯಾವಾಗ ತೆಗೀತೀರ?’ ಎಂದು ಕೇಳುತ್ತಿದ್ದರು. ಎಷ್ಟೋ ದಿನ ಆ ಪ್ರಶ್ನೆಯನ್ನು ನಮಗಿಂತ ಮೊದಲು ಅವರೇ ಕೇಳಿರುತ್ತಿದ್ದರು.

ರಕ್ತದಲ್ಲಿ ಸ್ಟಫಿಲೊಕಾಕಸ್ ಆರಿಯಸ್, ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ (ಮೇಲೆ ಹೇಳಿದ ಕ್ಲೆಬ್ಸಿಯೆಲ್ಲಾದಂಥವು) ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದರೆ ಲೈನನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ತೆಗೆಯುವ ಬಗ್ಗೆ ಅಂದೇ ವೈದ್ಯರೊಡನೆ ಮಾತನಾಡಬೇಕು.

ತೆಗೆಯುವಾಗ ಕೈ ತೊಳೆದು, ಗ್ಲೌಸ್ ಹಾಕಿ, ಡ್ರೆಸ್ಸಿಂಗಿನ ಅಂಚನ್ನು ಸ್ಟೆರೈಲ್ ನೀರಿನಿಂದ ನೆನೆಸಿ ನಿಧಾನವಾಗಿ ಬಿಡಿಸಬೇಕು. ಇಲ್ಲಿ ಕತ್ತರಿಯನ್ನು ಎಂದೂ ಬಳಸಬಾರದು. ಕೊಳವೆಯನ್ನು ಚರ್ಮದ ಹತ್ತಿರವೇ ಹಿಡಿದು ಒಂದೆರಡು ಸೆಂಟಿಮೀಟರ್ ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಬಿಗಿದುಕೊಂಡರೆ ಜಗ್ಗಬಾರದು, ನಾಳ ಸೆಟೆದುಕೊಂಡಿರುತ್ತದೆ. ಉಗುರುಬೆಚ್ಚಗಿನ ಬಟ್ಟೆಯನ್ನು ತೋಳಿನ ಮೇಲಿಟ್ಟು ಅರ್ಧ ಗಂಟೆ ಕಾದು ಮತ್ತೆ ಪ್ರಯತ್ನಿಸಿ, ಆಗಲೂ ಬರದಿದ್ದರೆ ವೈದ್ಯರನ್ನು ಕರೆಯಿರಿ. ಯುವಿಸಿಯ ಕೊನೆಯ ಎರಡು ಸೆಂಟಿಮೀಟರನ್ನು ಇನ್ನಷ್ಟು ನಿಧಾನವಾಗಿ ಎಳೆದರೆ ನಾಳ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಹೊರಬಂದ ಕೊಳವೆಯನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಅಳೆಯಿರಿ. ಹಾಕಿದ ದಿನ ಬರೆದ ಉದ್ದಕ್ಕೂ ಇದಕ್ಕೂ ತಾಳೆಯಾಗಬೇಕು, ತುದಿ ತುಂಡಾಗಿರದೆ ಪೂರ್ತಿಯಾಗಿರಬೇಕು. ತಾಳೆಯಾಗದಿದ್ದರೆ ಕೊಳವೆಯನ್ನು ಎಸೆಯದೆ ಒಂದು ಪ್ಯಾಕೆಟಿನಲ್ಲಿ ಎತ್ತಿಟ್ಟು, ತಕ್ಷಣ ಎಕ್ಸ್-ರೇಗೆ ಹೇಳಿ. ತಾಳೆಯಾದರೆ ಉದ್ದ, ತುದಿಯ ಸ್ಥಿತಿ, ತೆಗೆದ ವೇಳೆ ಮೂರನ್ನೂ ಬರೆದು ಸಹಿ ಹಾಕಿ. ರಕ್ತ ನಿಲ್ಲುವವರೆಗೆ ಗಾಜ್ ಒತ್ತಿ ಹಿಡಿದು, ಮುಂದಿನ ಒಂದು ದಿನ ಆ ಜಾಗವನ್ನು ಪ್ರತಿ ಪಾಳಿಯಲ್ಲೂ ನೋಡುವಂತೆ ಪಾಳಿ ಬದಲಾಗುವಾಗ ಮುಂದಿನವರಿಗೆ ಹೇಳಿ ಹೋಗಿ.